ಋಣವನ್ನರಿತ ಕಂಠ

ಹೊರಗೆ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಭಾನುವಾರದ ಅಪರಾಹ್ನ, ಸಂಗೀತವನ್ನು ಕೇಳುವುದರಲ್ಲಿಯೇ ಅರುವತ್ತು ವರ್ಷಗಳನ್ನು ಸವೆಸಿದ ಹಿರಿಯರೊಬ್ಬರಿಗೂ ಅವರ ತಮ್ಮನ ಮಗಳಿಗೂ ನಡೆದ ಸಂಭಾಷಣೆಯಿದು. ಬಿಗ್ ಬ್ರದರ್ ಎಂಬ ಮೇಳದೊಡನೆ ಜಾನಿಸ್ ಜಾಪ್ಲಿನ್ ಹಾಡಿದ ‘ಬಾಲ್ ಅಂಡ್ ಚೈನ್’ ಗೀತದ ಧ್ವನಿಮುದ್ರಿಕೆ ಆಗತಾನೆ ಮುಗಿದಿತ್ತು.

ದೊಡ್ಡಪ್ಪ: ಇನ್ನೊಂದನ್ನು ಹಾಕಬೇಡ ಮಗೂ, ಸ್ವಲ್ಪ ಹೊತ್ತು ಮಳೆಯ ಸದ್ದೊಂದೇ ಇರಲಿ. ನೀನು ಕೇಳೆಂದದ್ದರಿಂದ ಕೇಳಿದೆ, ಅದೂ ಅರೆಮನಸ್ಸಿನಿಂದಲ್ಲ. ಆದರೆ ಒಂಬತ್ತು ನಿಮಿಷಗಳಿಗೂ ಮಿಕ್ಕಿ ಒಬ್ಬ ಹೆಣ್ಣುಮಗಳು ತನ್ನ ಗಂಟಲನ್ನು ತಾನೇ ಹರಿದುಕೊಳ್ಳುತ್ತಿರುವಳೋ ಎಂಬಂತೆ ಕೂಗುವುದನ್ನು ಕೇಳಿದ ಮೇಲೆ, ಇದನ್ನು ಸಂಗೀತವೆನ್ನುವುದೋ, ಇಲ್ಲವೆ ಯಾವುದೋ ದುಃಖದ ಆಕ್ರಂದನವನ್ನು ಯಂತ್ರವು ಹಿಡಿದಿಟ್ಟುಕೊಂಡಿದೆಯೆನ್ನುವುದೋ ನನಗೆ ತಿಳಿಯದು. ಶಾರೀರವನ್ನು ಕಾಪಾಡಿಕೊಳ್ಳತಕ್ಕದ್ದು ಹಾಡುವವರ ಮೊದಲ ಧರ್ಮವೆಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಮಗಳು: ಕೂಗಿದ್ದು ನಿಜ, ದೊಡ್ಡಪ್ಪ. ಆದರೆ ಆ ಕೂಗು ಎಲ್ಲಿಂದ ಹೊರಟಿತೆಂಬುದನ್ನು ಗಮನಿಸಿದಿರಾ? ಗಿಟಾರು ಮೊದಲು ಸಿಡಿಲಿನಂತೆ ಎರಗಿ ನಿಂತೊಡನೆ, ಆಕೆ ಆರಂಭಿಸುವುದು ಪಿಸುಮಾತಿಗಿಂತ ಸ್ವಲ್ಪವೇ ಮೇಲಾದ ಸ್ವರದಲ್ಲಿ. ಒಂದು ಸಾಲನ್ನು ಹೇಳಿ, ಅದರ ಭಾರವನ್ನು ತೂಗಿ ನೋಡಿ, ಮತ್ತೊಂದಕ್ಕೆ ಕೈಹಾಕುತ್ತಾಳೆ. ಏರಬೇಕಾದ ಎತ್ತರವನ್ನು ಬಲ್ಲವಳು ತಗ್ಗಿನಿಂದ ಹೊರಡುತ್ತಾಳೆ. ಕಡೆಯಲ್ಲಿ ವಾದ್ಯಗಳೆಲ್ಲ ಸುಮ್ಮನಾಗಿ ಕಂಠವೊಂದೇ ಉಳಿಯುವ ಘಟ್ಟದಲ್ಲಿ, ಒಂದೇ ಪದವನ್ನು ಹಿಡಿದು, ಒಡೆದು, ಅದರ ಚೂರುಗಳನ್ನು ಬೇರೆ ಬೇರೆ ಸ್ವರಗಳ ಮೇಲಿರಿಸಿ, ಮತ್ತೆ ಕೂಡಿಸುವಾಗ ಲಯದ ಎಳೆ ಆಕೆಯ ಕೈತಪ್ಪಿದ್ದುಂಟೆ? ಅಂತಹ ಹಿಡಿತ ಬರಿಯ ಆಕ್ರಂದನಕ್ಕೆ ಎಲ್ಲಿಂದ ಬರಬೇಕು?

ದೊಡ್ಡಪ್ಪ: ಆ ಘಟ್ಟವನ್ನು ನಾನೂ ಗುರುತಿಸಿದೆನು. ನಮ್ಮ ಲಾಕ್ಷಣಿಕರು ‘ಕಾಕು’ ಎಂದು ಒಂದನ್ನು ಹೇಳುತ್ತಾರೆ: ಒಂದೇ ಮಾತು ಧ್ವನಿಯ ವಿಕಾರದಿಂದಲೇ ಬೇಡಿಕೆಯಾಗಬಹುದು, ಆಕ್ಷೇಪವಾಗಬಹುದು, ಶೋಕವಾಗಬಹುದು. ಈಕೆಯ ಹಾಡಿಕೆಯಲ್ಲಿ ಕಾಕುವೇ ಪ್ರಧಾನವೆಂದು ತೋರುತ್ತದೆ. ಇನ್ನೊಂದನ್ನೂ ಗಮನಿಸಿದೆ. ಆಕೆಯ ಗಾಂಧಾರ ಸಾಧಾರಣವೂ ಅಲ್ಲ, ಅಂತರವೂ ಅಲ್ಲ; ಎರಡರ ನಡುವೆ ಎಲ್ಲೋ ನಿಂತು ಅತ್ತಿತ್ತ ಅಲುಗುತ್ತದೆ. ಶ್ರುತಿದೋಷವೆಂದು ಮೊದಲು ಭಾವಿಸಿದೆ. ಆದರೆ ಮತ್ತೆ ಮತ್ತೆ ಅದೇ ಸ್ಥಳಕ್ಕೆ ಬಂದು ನಿಲ್ಲುವುದನ್ನು ಕಂಡು, ಇದು ತಪ್ಪಲ್ಲ, ಸಂಕಲ್ಪಪೂರ್ವಕವಾದ ಪ್ರಯೋಗ ಎನ್ನಿಸಿತು.

ಮಗಳು: ನೀವು ಹಿಡಿದದ್ದು ಬ್ಲೂಸ್ ಎಂಬ ಪದ್ಧತಿಯ ಮರ್ಮವನ್ನೇ. ಪಿಯಾನೋದ ಮೆಟ್ಟುಗಳ ನಡುವೆ ಬೀಳುವ ಆ ಸ್ವರವನ್ನು ಅವರು ‘ಬ್ಲೂ ನೋಟ್’ ಎನ್ನುತ್ತಾರೆ. ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದು ದಾಸ್ಯಕ್ಕೆ ಮಾರಲ್ಪಟ್ಟವರ ಸಂತತಿಯವರು ಅಮೆರಿಕದ ದಕ್ಷಿಣಪ್ರಾಂತ್ಯದ ಹತ್ತಿಹೊಲಗಳಲ್ಲಿಯೂ ಪ್ರಾರ್ಥನಾಮಂದಿರಗಳಲ್ಲಿಯೂ ಹಾಡಿಕೊಂಡು ಬಂದ ಸ್ವರಗಳವು. ಅದರ ಸಾಮಾನ್ಯವಾದ ಚೌಕಟ್ಟು ಹನ್ನೆರಡು ಆವರ್ತಗಳದ್ದು: ಒಂದು ಸಾಲನ್ನು ಹಾಡುವುದು, ಅದನ್ನೇ ಮತ್ತೊಮ್ಮೆ ಹಾಡುವುದು, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಹೇಳುವುದು, ಸಾಲುಸಾಲಿನ ನಡುವೆ ಬಿಟ್ಟ ತೆರಪಿನಲ್ಲಿ ವಾದ್ಯವು ಕಂಠಕ್ಕೆ ಮಾರ್ನುಡಿಯುತ್ತದೆ. ಇಷ್ಟು ಚಿಕ್ಕ ಚೌಕಟ್ಟಿನೊಳಗೆ ಒಂದು ಜನಾಂಗದ ವಿರಹ, ಹಸಿವು, ಹಾಸ್ಯ, ಕಾಮ, ಕ್ರೋಧ ಎಲ್ಲವೂ ಅಡಗಿವೆ. ಇದಕ್ಕೆ ವಿದ್ಯುತ್ ಗಿಟಾರಿನ ಗರ್ಜನೆಯನ್ನೂ ಡೋಲಿನ ಬಲವಾದ ಹೊಡೆತವನ್ನೂ ಕೂಡಿಸಿದ್ದೇ ಬ್ಲೂಸ್-ರಾಕ್.

ದೊಡ್ಡಪ್ಪ: ಹಾಗಾದರೆ ನನ್ನ ಎರಡನೆಯ ಆಕ್ಷೇಪ ಮೊದಲನೆಯದಕ್ಕಿಂತ ಗುರುತರವಾದದ್ದು. ಆ ಸಂಗೀತ ಕರಿಯರದು. ಈಕೆಯಾದರೋ ಬಿಳಿಯ ಕುಟುಂಬದಲ್ಲಿ ಹುಟ್ಟಿದವಳು. ಪರರ ದುಃಖವನ್ನು ತನ್ನದೆಂದು ಹಾಡುವ ಅಧಿಕಾರ ಆಕೆಗೆ ಯಾರು ಕೊಟ್ಟರು?

ಮಗಳು: ಈ ಪ್ರಶ್ನೆಯನ್ನು ಬದಿಗೊತ್ತಿದರೆ ಜಾನಿಸಳನ್ನು ಅರ್ಥಮಾಡಿಕೊಳ್ಳುವುದು ಸಾಧ್ಯವೇ ಇಲ್ಲ. ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಆಕೆ ಹುಟ್ಟಿದ್ದು 1943ರ ಜನವರಿ 19ರಂದು, ಟೆಕ್ಸಾಸಿನ ಪೋರ್ಟ್ ಆರ್ಥರ್ ಎಂಬ ಊರಿನಲ್ಲಿ. ತೈಲ ಶುದ್ಧೀಕರಣದ ಕಾರ್ಖಾನೆಗಳಿಂದಲೇ ಬದುಕುವ ಊರು. ತಂದೆ ಸೆತ್ ಅಂತಹ ಒಂದು ತೈಲಸಂಸ್ಥೆಯಲ್ಲಿ ಇಂಜಿನಿಯರು. ಓದುವ ಮನೆ, ಮರ್ಯಾದಸ್ಥರ ಮನೆ. ಊರಾದರೋ ಬಣ್ಣದ ಗೆರೆಯಿಂದ ಎರಡಾಗಿ ಸೀಳಿದ್ದು. ಬಿಳಿಯರ ಮಕ್ಕಳಿಗೊಂದು ಶಾಲೆ, ಕರಿಯರ ಮಕ್ಕಳಿಗೊಂದು ಶಾಲೆ. ಈ ಭೇದ ಸರಿಯಲ್ಲವೆಂದು ತರಗತಿಯಲ್ಲಿ ಎದ್ದು ನುಡಿದ ತಪ್ಪಿಗಾಗಿ ಆಕೆ ಸಹಪಾಠಿಗಳ ಬಾಯಲ್ಲಿ ಕೆಟ್ಟ ಮಾತುಗಳನ್ನು ಕೇಳಬೇಕಾಯಿತು. ಮುಖದ ತುಂಬ ಮೊಡವೆ, ತುಸು ಸ್ಥೂಲ ಶರೀರ, ಚಿತ್ರ ಬರೆಯುವ ಹುಚ್ಚು, ಪುಸ್ತಕದ ಹುಚ್ಚು. ಆ ವಯಸ್ಸಿನ ಹುಡುಗಹುಡುಗಿಯರು ಇವುಗಳಲ್ಲಿ ಯಾವುದನ್ನೂ ಕ್ಷಮಿಸುವವರಲ್ಲ. ಆಗ ಗೆಳೆಯರ ಮನೆಗಳಲ್ಲಿ ಆಕೆಯ ಕಿವಿಗೆ ಬಿದ್ದವು ಲೆಡ್ ಬೆಲಿಯ, ಮಾ ರೇನಿಯ, ಬೆಸ್ಸಿ ಸ್ಮಿತ್‌ಳ ಹಳೆಯ ಮುದ್ರಿಕೆಗಳು.

ದೊಡ್ಡಪ್ಪ: ಕೇಳಿ ಕಲಿತವಳೆಂದಾಯಿತು. ಪಾಠ ಹೇಳಿದ ಗುರುವಿಲ್ಲವೆ?

ಮಗಳು: ಮುದ್ರಿಕೆಯೇ ಗುರು. ಆಸ್ಟಿನ್ನಿನ ವಿಶ್ವವಿದ್ಯಾಲಯಕ್ಕೆ 1962ರಲ್ಲಿ ಸೇರಿದಾಗ, ಥ್ರೆಡ್‌ಗಿಲ್ ಎಂಬಾತನ ಪಾನಗೃಹದಲ್ಲಿ ಹಾಡತೊಡಗಿದಳು. ಮೊದಲು ಪೆಟ್ರೋಲು ಹಾಕುವ ಸ್ಥಳವಾಗಿದ್ದು ಆಮೇಲೆ ಪಾನಗೃಹವಾದ ಕಟ್ಟಡವದು. ಆ ಯಜಮಾನ ತಾನೇ ಹಾಡುಗಾರ, ಈ ಹುಡುಗಿಯಲ್ಲಿ ವಸ್ತುವಿದೆಯೆಂದು ಮೊದಲು ಗುರುತಿಸಿದವರಲ್ಲಿ ಒಬ್ಬ. ಅದೇ ವಿಶ್ವವಿದ್ಯಾಲಯದಲ್ಲಿ, ಆವರಣದ ಅತ್ಯಂತ ಕುರೂಪಿಯಾದ ಗಂಡಸು ಯಾರೆಂಬ ಒಂದು ಸ್ಪರ್ಧೆಗೆ ಯಾರೋ ಈಕೆಯ ಹೆಸರನ್ನು ಸೂಚಿಸಿದರು. ಹತ್ತೊಂಬತ್ತು ವರ್ಷದ ಹೆಣ್ಣುಮಗಳ ಹೆಸರನ್ನು, ದೊಡ್ಡಪ್ಪ. ಸಾಯುವ ವರ್ಷದಲ್ಲಿಯೂ, ಟೆಲಿವಿಷನ್ನಿನ ಮುಂದೆ ಕುಳಿತು, ತನ್ನನ್ನು ತರಗತಿಯಿಂದಲೂ ಊರಿನಿಂದಲೂ ರಾಜ್ಯದಿಂದಲೂ ನಕ್ಕು ಹೊರಗಟ್ಟಿದರೆಂದು ಆಕೆ ಹೇಳಿದ್ದುಂಟು.

ದೊಡ್ಡಪ್ಪ: ಅಯ್ಯೋ ಪಾಪ.

ಮಗಳು: 1963ರ ಜನವರಿಯಲ್ಲಿ ಸಿಕ್ಕ ವಾಹನಗಳನ್ನು ಹಿಡಿದು ಒಬ್ಬ ಗೆಳೆಯನೊಡನೆ ಸಾನ್‌ಫ್ರಾನ್ಸಿಸ್ಕೋಗೆ ಹೋದಳು. ಅಲ್ಲಿಯ ಕಾಫಿಗೃಹಗಳಲ್ಲಿ ಹಾಡು. ಜೊತೆಗೆ ಮಾದಕದ್ರವ್ಯದ ಸಹವಾಸ. ಆ ಕಾಲದ ಒಂದು ಧ್ವನಿಮುದ್ರಿಕೆಯನ್ನು ನಿಮಗೆ ಕೇಳಿಸಬೇಕು. 1964ರ ಜೂನ್ ತಿಂಗಳಲ್ಲಿ ಜೋರ್ಮಾ ಕೌಕೋನೆನ್ ಎಂಬ ಗಿಟಾರುವಾದಕನ ಮನೆಯಲ್ಲಿ ಇಬ್ಬರೂ ಅಭ್ಯಾಸಕ್ಕೆ ಕುಳಿತಿದ್ದಾರೆ. ಟೇಪಿನ ಯಂತ್ರ ತಿರುಗುತ್ತಿದೆ. ಅದೇ ಕೋಣೆಯಲ್ಲಿ ಆತನ ಹೆಂಡತಿ ಬೆರಳಚ್ಚಿನ ಯಂತ್ರದ ಮುಂದೆ ಕುಳಿತು ಏನನ್ನೋ ಬಡಿಯುತ್ತಿದ್ದಾಳೆ. ಒಂದು ಕಡೆ ಗಿಟಾರಿನ ತಂತಿ, ಒಂದು ಕಡೆ ಟಕಟಕವೆನ್ನುವ ಕೀಲಿಗಳು, ಸಾಲು ಮುಗಿದಾಗ ಸಣ್ಣ ಗಂಟೆ. ಅವುಗಳ ನಡುವೆ ಬೆಸ್ಸಿ ಸ್ಮಿತ್‌ಳ ಗೀತವೊಂದನ್ನು ಈ ಇಪ್ಪತ್ತೊಂದು ವರ್ಷದವಳು ಹಾಡುತ್ತಿದ್ದಾಳೆ. ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು, ಪದದ ಕೊನೆಯ ಅಕ್ಷರವನ್ನು ಎಷ್ಟು ಜಾರಿಸಬೇಕು, ಯಾವ ಸ್ವರಕ್ಕೆ ಕೆಳಗಿನಿಂದ ಹೋಗಿ ಮುಟ್ಟಬೇಕು, ಇವೆಲ್ಲವನ್ನೂ ಶಿಷ್ಯೆ ಗುರುವಿನ ಕಂಠವನ್ನು ಅನುಸರಿಸುವಂತೆ ಅನುಸರಿಸುತ್ತಾಳೆ. ಅಲ್ಲಿ ಕೂಗಿಲ್ಲ. ಜಾನಿಸ್ ಎಂದರೆ ಒಮ್ಮೆಗೇ ಉಕ್ಕಿದ ಜ್ವಾಲೆಯೆಂದು ಬರೆಯುವವರು ಆ ಟೇಪನ್ನು ಕೇಳಬೇಕು. ಜ್ವಾಲೆಗೆ ಮೊದಲು ಕಟ್ಟಿಗೆಯನ್ನು ಒಂದೊಂದಾಗಿ ಕೂಡಿಸಿದ ಕೈ ಅಲ್ಲಿ ಕಾಣುತ್ತದೆ.

ದೊಡ್ಡಪ್ಪ: ಸಾಧನೆಯಿತ್ತೆನ್ನುತ್ತೀಯೆ. ಒಪ್ಪುತ್ತೇನೆ. ಸಾಧನೆಯಿಲ್ಲದೆ ಆ ಗಾಂಧಾರ ಒಂದೇ ಸ್ಥಳದಲ್ಲಿ ನಿಲ್ಲಲಾರದು. ಆದರೆ ಮಾದಕದ್ರವ್ಯವೆಂದೆಯಲ್ಲ?

ಮಗಳು: 1965ರಲ್ಲಿ ದೇಹ ಸುಮಾರು 40 ಕಿಲೋಗೆ ಇಳಿದಿತ್ತು. ಗೆಳೆಯರೇ ಹಣ ಕೂಡಿಸಿ ಬಸ್ಸಿಗೆ ಹತ್ತಿಸಿ ಊರಿಗೆ ಕಳುಹಿಸಿದರು. ಒಂದು ವರ್ಷಕಾಲ ಪೋರ್ಟ್ ಆರ್ಥರಿನಲ್ಲಿ ಕೂದಲನ್ನು ಗಂಟುಕಟ್ಟಿ, ಸಾಧಾರಣ ಉಡುಪು ತೊಟ್ಟು, ಹತ್ತಿರದ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಓದುತ್ತ, ತಾಯಿತಂದೆಗಳಿಗೆ ಮೆಚ್ಚುಗೆಯಾಗುವಂತೆ ಬದುಕಲು ನಿಜವಾಗಿಯೂ ಪ್ರಯತ್ನಪಟ್ಟಳು. ಬಿಗ್ ಬ್ರದರ್ ಮೇಳಕ್ಕೆ ಗಾಯಕಿ ಬೇಕೆಂಬ ಕರೆ ಬಂದದ್ದು 1966ರಲ್ಲಿ. ಹೋದಳು. ಹೋದ ಮೇಲೆ ಮನೆಗೆ ಬರೆದ ಕಾಗದಗಳನ್ನು ತಂಗಿ ಲಾರಾ ಮುಂದೆ 1992ರಲ್ಲಿ ಗ್ರಂಥದಲ್ಲಿ ಪ್ರಕಟಿಸಿದಳು. ಲೋಕವನ್ನೇ ಧಿಕ್ಕರಿಸಿದವಳೆಂದು ಹೆಸರಾದ ಈಕೆ ಆ ಕಾಗದಗಳಲ್ಲಿ ತಾಯಿಯ ಸಮ್ಮತಿಗಾಗಿ ಕಾತರಿಸುವ ಮಗಳಾಗಿ ಕಾಣುತ್ತಾಳೆ.

ದೊಡ್ಡಪ್ಪ: ಪ್ರಸಿದ್ಧಿ ಬಂದದ್ದು ಯಾವಾಗ?

ಮಗಳು: ಒಂದೇ ಹಾಡಿನಿಂದ, ಈಗ ನೀವು ಕೇಳಿದಿರಲ್ಲ ಅದರಿಂದಲೇ. 1967ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ಮೂರು ದಿನಗಳ ಸಂಗೀತೋತ್ಸವ ನಡೆಯಿತು. ಬಿಗ್ ಬ್ರದರ್ ಮೇಳ ಶನಿವಾರ ಮಧ್ಯಾಹ್ನ ಹಾಡಿತು. ಸಭೆ ಎದ್ದು ನಿಂತಿತು; ಆದರೆ ಮೇಳದ ವ್ಯವಸ್ಥಾಪಕ ಚಿತ್ರೀಕರಣಕ್ಕೆ ಅನುಮತಿ ಕೊಟ್ಟಿರಲಿಲ್ಲವಾದ್ದರಿಂದ ಆ ಹಾಡು ಗಾಳಿಯಲ್ಲಿ ಹೋಯಿತು. ಚಿತ್ರದಲ್ಲಿ ಉಳಿಯಬೇಕೆಂಬ ಹಂಬಲ ಆಕೆಗೆ; ಭಾನುವಾರ ಮತ್ತೊಮ್ಮೆ ವೇದಿಕೆ ಹತ್ತಿದರು. ಪೆನ್‌ಬೇಕರ್ ಎಂಬ ನಿರ್ದೇಶಕನ ಚಿತ್ರದಲ್ಲಿರುವುದು ಈ ಎರಡನೆಯ ಸಲದ ಹಾಡು. ಅದನ್ನು ನೋಡಬೇಕು, ದೊಡ್ಡಪ್ಪ. ಕ್ಯಾಮೆರಾ ಒಂದು ಕ್ಷಣ ಆಕೆಯ ಪಾದಗಳಿಗಿಳಿಯುತ್ತದೆ. ಹಿಮ್ಮಡಿ ನೆಲವನ್ನು ಕುಟ್ಟುತ್ತ ತಾಳವಿಡುತ್ತಿದೆ. ಮತ್ತೊಂದು ಕ್ಷಣ ಸಭೆಯಲ್ಲಿ ಕುಳಿತ ಕ್ಯಾಸ್ ಎಲಿಯಟ್‌ಳ ಮುಖ. ತಾನೇ ಹೆಸರಾಂತ ಗಾಯಕಿ, ಬಾಯಿ ತೆರೆದು ಬೆರಗಾಗಿ ಕುಳಿತಿದ್ದಾಳೆ. ಹಾಡು ಮುಗಿದೊಡನೆ, ಅಷ್ಟು ಹೊತ್ತು ಲೋಕದ ಶೋಕವನ್ನೆಲ್ಲ ಹೊತ್ತವಳಂತಿದ್ದ ಈಕೆ, ಬಹುಮಾನ ಗೆದ್ದ ಶಾಲೆಯ ಹುಡುಗಿಯಂತೆ ಕುಪ್ಪಳಿಸುತ್ತ ಒಳಕ್ಕೆ ಓಡುತ್ತಾಳೆ. ಆ ಕುಪ್ಪಳಿಕೆಯನ್ನು ಕಂಡಾಗಲೆಲ್ಲ ನನ್ನ ಕಣ್ಣು ಒದ್ದೆಯಾಗುತ್ತದೆ.

ದೊಡ್ಡಪ್ಪ: ಎರಡು ದಿನ ಎರಡು ಸಲ, ಅದೇ ಹಾಡು, ಅದೇ ತೀವ್ರತೆ. ಹೃದಯ ಒಡೆದು ಕೂಗುವವರಿಗೆ ಮರುದಿನ ಮತ್ತೆ ಅದೇ ಪ್ರಕಾರ ಒಡೆಯಲು ಬಾರದು. ಕಲಾವಿದರಿಗೆ ಮಾತ್ರ ಬರುತ್ತದೆ. ನನ್ನ ಮೊದಲ ಆಕ್ಷೇಪವನ್ನು ಹಿಂತೆಗೆದುಕೊಂಡೆ. ಎರಡನೆಯದು ಹಾಗೆಯೇ ಇದೆ, ಮರೆಯಬೇಡ.

ಮಗಳು: ಮರೆತಿಲ್ಲ. ಆ ಹಾಡು ಆಕೆಯದಲ್ಲ. ಬಿಗ್ ಮಾಮಾ ಥಾರ್ನ್‌ಟನ್ ಎಂಬ ಆಫ್ರಿಕನ್-ಅಮೆರಿಕನ್ ಗಾಯಕಿಯದು. ಆಕೆ ಸಾನ್‌ಫ್ರಾನ್ಸಿಸ್ಕೋದಲ್ಲಿ ಹಾಡುತ್ತಿದ್ದುದನ್ನು ಕೇಳಿದ ಜಾನಿಸ್, ಹಾಡು ಮುಗಿದ ಮೇಲೆ ಒಳಗೆ ಹೋಗಿ, ಇದನ್ನು ನಾವು ಹಾಡಬಹುದೆ ಎಂದು ಕೇಳಿ ಒಪ್ಪಿಗೆ ಪಡೆದಳು. ಅನಂತರ ಮೇಳದವರು ನಡೆಯನ್ನು ಬಹಳ ವಿಳಂಬಗೊಳಿಸಿ, ‘ಮೇಜರ್’ ಛಾಯೆಯಿಂದ ‘ಮೈನರ್’ ಛಾಯೆಗೆ ತಿರುಗಿಸಿದರು. ಥಾರ್ನ್‌ಟನ್‌ಳಲ್ಲಿ ಗತ್ತಿನ ದೂರಾಗಿದ್ದದ್ದು ಇಲ್ಲಿ ಶೋಕವಾಯಿತು.

ದೊಡ್ಡಪ್ಪ: ಕೇಳಿ ಪಡೆದದ್ದು ಸಂತೋಷ. ಫಲ ಯಾರಿಗೆ ಸಂದಿತು?

ಮಗಳು: ಅಲ್ಲಿಯೇ ನೋವಿರುವುದು. ಈ ಹಾಡು ಸೇರಿದ್ದ ‘ಚೀಪ್ ಥ್ರಿಲ್ಸ್’ ಸಂಪುಟ 1968ರಲ್ಲಿ ಎಂಟು ವಾರಗಳ ಕಾಲ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಥಾರ್ನ್‌ಟನ್‌ಳ ಹಾಡಿನ ಹಕ್ಕಾದರೋ, ಅದನ್ನು ಮೊದಲು ಧ್ವನಿಮುದ್ರಿಸಿಕೊಂಡು ಹೊರತರದೆಯೇ ಇಟ್ಟುಕೊಂಡಿದ್ದ ಒಂದು ಚಿಕ್ಕ ಸಂಸ್ಥೆಯ ಕೈಯಲ್ಲಿತ್ತು. ಆಕೆಗೆ ಇದು ಮೊದಲ ಅನುಭವವಲ್ಲ. 1953ರಲ್ಲಿ ಆಕೆಯ ‘ಹೌಂಡ್ ಡಾಗ್’ ಮನೆಮಾತಾಯಿತು. ತನಗೆ ದೊರೆತದ್ದು 500 ಡಾಲರಿನ ಒಂದು ಚೆಕ್ಕು ಮಾತ್ರವೆಂದು ಆಕೆ ಹೇಳಿಕೊಂಡಿದ್ದಾಳೆ. ಮೂರು ವರ್ಷಗಳ ಮೇಲೆ ಅದೇ ಹಾಡನ್ನು ಹಾಡಿದ ಎಲ್ವಿಸ್ ಪ್ರೀಸ್ಲಿ ಪಡೆದದ್ದನ್ನು ನಾನು ಹೇಳಬೇಕಾಗಿಲ್ಲ. ಕರಿಯಳ ಬಾಯಲ್ಲಿ ಕೂಲಿಯಾಗಿದ್ದ ಹಾಡು ಬಿಳಿಯರ ಬಾಯಲ್ಲಿ ನಿಧಿಯಾಗುವ ವ್ಯವಸ್ಥೆಯದು. ಜಾನಿಸ್ ಆ ವ್ಯವಸ್ಥೆಯನ್ನು ಕಟ್ಟಿದವಳಲ್ಲ. ಆದರೆ ಅದರ ನೆರಳಿನಲ್ಲಿಯೇ ಬೆಳೆದವಳು. ಇದನ್ನು ಮುಚ್ಚಿಟ್ಟು ಆಕೆಯನ್ನು ಹೊಗಳುವುದು ಆಕೆಗೂ ಗೌರವವಲ್ಲ.

ದೊಡ್ಡಪ್ಪ: ಕರಿಯ ಶ್ರೋತೃಗಳು ಆಕೆಯನ್ನು ಹೇಗೆ ಕಂಡರು?

ಮಗಳು: ಒಂದು ಪ್ರಸಂಗವಿದೆ. ಆಕೆ ಓಟಿಸ್ ರೆಡ್ಡಿಂಗ್‌ನ ಪರಮಭಕ್ತೆ. 1966ರ ಡಿಸೆಂಬರಿನಲ್ಲಿ ಆತ ಸಾನ್‌ಫ್ರಾನ್ಸಿಸ್ಕೋದ ಫಿಲ್‌ಮೋರ್ ಸಭಾಂಗಣದಲ್ಲಿ ಹಾಡಿದಾಗ, ವೇದಿಕೆಯ ತೀರ ಮುಂದೆ ಜಾಗ ಸಿಗಬೇಕೆಂದು ಎಲ್ಲರಿಗಿಂತ ಮೊದಲೇ ಹೋಗಿ ಕಾದು ನಿಂತವಳು. ಪದದ ಒಂದೊಂದೇ ತುಣುಕನ್ನು ತೊದಲಿದಂತೆ ಎಸೆದು ಸಭೆಯನ್ನು ಮೇಲೆತ್ತುವ ವಿದ್ಯೆಯನ್ನು ಆಕೆ ಕಲಿತದ್ದು ಆತನಿಂದ. ಎರಡು ವರ್ಷಗಳ ಮೇಲೆ, ಬಿಗ್ ಬ್ರದರನ್ನು ಬಿಟ್ಟು, ಕಹಳೆಗಳಿಂದ ಕೂಡಿದ ಹೊಸ ಮೇಳವನ್ನು ಕಟ್ಟಿ, ಕೆಲವೇ ವಾರಗಳ ಅಭ್ಯಾಸದಿಂದ, ರೆಡ್ಡಿಂಗ್‌ನ ಹಾಡುಗಳು ಮುದ್ರಿತವಾದ ಮೆಂಫಿಸ್ ನಗರಕ್ಕೇ ಹೋದಳು. ಸ್ಟ್ಯಾಕ್ಸ್ ಸಂಸ್ಥೆಯ ಕ್ರಿಸ್ಮಸ್ ಕಚೇರಿಯಲ್ಲಿ ಹಾಡಿದಳು. ಸಭೆ ತಣ್ಣಗಿತ್ತು. ಆ ವಿದ್ಯೆಯನ್ನು ಹುಟ್ಟಿನಿಂದ ಬಲ್ಲವರ ಎದುರು, ಕೂಡಿಬಾರದ ಮೇಳದೊಡನೆ ನಿಂತರೆ ಬೇರೇನಾದೀತು? ಆ ತಣ್ಣನೆಯ ಸಭೆಯೂ ಒಂದು ನ್ಯಾಯವಾದ ತೀರ್ಪೇ ಎಂದು ನನಗನ್ನಿಸುತ್ತದೆ. ಆ ಮೇಳದ ಸಂಪುಟವೂ ನನಗೆ ಅಷ್ಟಾಗಿ ಹಿಡಿಸದು; ಕಹಳೆಗಳು ಕಂಠದೊಡನೆ ಮಾತನಾಡುವುದಕ್ಕೆ ಬದಲಾಗಿ ಅದರ ಮೇಲೆ ಬೀಳುತ್ತವೆ.

ದೊಡ್ಡಪ್ಪ: ನೀನು ಪಕ್ಷಪಾತಿಯಲ್ಲವೆಂಬುದು ಸಂತೋಷ. ಹಾಗಾದರೆ ಅಧಿಕಾರದ ಪ್ರಶ್ನೆಗೆ ನಿನ್ನ ಉತ್ತರವೇನು?

ಮಗಳು: ಅಧಿಕಾರವನ್ನು ಯಾರೂ ಕೊಡಲಿಲ್ಲ, ದೊಡ್ಡಪ್ಪ. ಅದು ಸಾಲ. ಜಾನಿಸಳ ಹೆಗ್ಗಳಿಕೆಯೆಂದರೆ ಅದು ಸಾಲವೆಂಬುದನ್ನು ಆಕೆ ಕೊನೆಯವರೆಗೂ ಮರೆಯಲಿಲ್ಲ. ತಾನು ಹಾಡುವುದು ಬೆಸ್ಸಿಯಿಂದ ಬಂದದ್ದೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಬೆಸ್ಸಿಯ ವಿಷಯವನ್ನು ಎರಡು ಮಾತಿನಲ್ಲಿ ಹೇಳಲೇ?

ದೊಡ್ಡಪ್ಪ: ಎರಡೇಕೆ, ಇಪ್ಪತ್ತು ಹೇಳು. ಮಳೆ ಇನ್ನೂ ನಿಂತಿಲ್ಲ.

ಮಗಳು: ಬೆಸ್ಸಿ ಸ್ಮಿತ್ ಟೆನೆಸಿಯ ಚಟ್ಟನೂಗದವಳು, ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಬೀದಿಯಲ್ಲಿ ಹಾಡಿ ಕಾಸು ಕೂಡಿಸಿದವಳು. 1923ರಲ್ಲಿ ಕೊಲಂಬಿಯಾ ಸಂಸ್ಥೆಗೆ ಹಾಡಿದ ಮೊದಲ ಮುದ್ರಿಕೆಯೇ ಲಕ್ಷಗಟ್ಟಲೆ ಮಾರಾಟವಾಯಿತು. ಧ್ವನಿವರ್ಧಕವಿಲ್ಲದೆ ಇಡೀ ರಂಗಮಂದಿರವನ್ನು ತುಂಬುವ ಕಂಠ. ಬ್ಲೂಸಿನ ಸಾಮ್ರಾಜ್ಞಿಯೆಂದು ಬಿರುದು. ಒಂದೊಂದು ಹಾಡಿಗೆ ಇಷ್ಟೆಂದು ಕೈಗಿತ್ತ ಹಣವಲ್ಲದೆ, ಮಾರಾಟವಾದ ಮುದ್ರಿಕೆಗಳ ಮೇಲಿನ ಪಾಲು ಆಕೆಗೆ ಸಲ್ಲಲಿಲ್ಲ. 1937ರ ಸೆಪ್ಟೆಂಬರಿನಲ್ಲಿ ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲಿನ ಹತ್ತಿರ ಮೋಟಾರು ಅಪಘಾತದಲ್ಲಿ ಗಾಯಗೊಂಡು ಅಲ್ಲಿಯ ಕರಿಯರ ಆಸ್ಪತ್ರೆಯಲ್ಲಿ ತೀರಿಕೊಂಡಳು. ಬಿಳಿಯರ ಆಸ್ಪತ್ರೆಯವರು ಬಾಗಿಲು ಹಾಕಿದ್ದರಿಂದಲೇ ರಕ್ತ ಸೋರಿ ಸತ್ತಳೆಂಬ ಕಥೆ ಆಮೇಲೆ ಹುಟ್ಟಿ, ಎಡ್ವರ್ಡ್ ಆಲ್ಬಿಯ ನಾಟಕಕ್ಕೂ ವಸ್ತುವಾಯಿತು. ವಾಸ್ತವವಾಗಿ ಆಕೆಯನ್ನು ಅಲ್ಲಿಗೆ ಒಯ್ಯಲೇ ಇಲ್ಲವೆಂದು ಚರಿತ್ರಕಾರರು ಅನಂತರ ತಿಳಿಸಿದರು. ಆ ಕಾಲದ ಕ್ರೌರ್ಯ ಸುಳ್ಳಲ್ಲ, ಆ ಕಥೆ ಮಾತ್ರ ನಿಜವಲ್ಲ. ಅಂತ್ಯಯಾತ್ರೆಗೆ ಸಾವಿರಾರು ಜನ ಬಂದರು. ಆದರೆ ಫಿಲಡೆಲ್ಫಿಯದ ಹೊರವಲಯದ ಷಾರನ್ ಹಿಲ್‌ನಲ್ಲಿರುವ ಆ ಸಮಾಧಿಯ ಮೇಲೆ ಮೂವತ್ಮೂರು ವರ್ಷ ಒಂದು ಕಲ್ಲಿರಲಿಲ್ಲ. ಹುಲ್ಲು ಬೆಳೆದಿತ್ತು, ಅಷ್ಟೆ.

ದೊಡ್ಡಪ್ಪ: ಸಾಮ್ರಾಜ್ಞಿಗೆ ಒಂದು ಕಲ್ಲಿಲ್ಲವೆ!

ಮಗಳು: 1970ರಲ್ಲಿ ಫಿಲಡೆಲ್ಫಿಯದ ಒಬ್ಬ ಸಾಮಾನ್ಯ ಗೃಹಿಣಿ, ಇದು ಅನ್ಯಾಯವೆಂದು ಅಲ್ಲಿಯ ಪತ್ರಿಕೆಗೆ ಕಾಗದ ಬರೆದಳು. ಪತ್ರಿಕೆಯವರು ಕೇಳಿದಾಗ ಇಬ್ಬರು ಹಣ ಕೊಟ್ಟರು. ಒಬ್ಬಾಕೆ ವಾನಿಟಾ ಗ್ರೀನ್, ಬಾಲ್ಯದಲ್ಲಿ ಬೆಸ್ಸಿಯ ಮನೆಯ ನೆಲವನ್ನು ತಿಕ್ಕಿ ತೊಳೆದವಳು, ಈಗ ಸ್ವಂತ ಪರಿಶ್ರಮದಿಂದ ಶುಶ್ರೂಷಾಲಯಗಳನ್ನು ನಡೆಸುವವಳು. ಇನ್ನೊಬ್ಬಾಕೆ ಜಾನಿಸ್ ಜಾಪ್ಲಿನ್. ಆ ಆಗಸ್ಟಿನಲ್ಲಿ ಕಲ್ಲನ್ನು ನೆಟ್ಟರು. ಒಂದು ಕಲ್ಲಿನಿಂದ ಆ ಸಾಲ ತೀರಿತೆಂದು ನಾನು ಹೇಳಲಾರೆ. ಬೆಸ್ಸಿಗೂ ಥಾರ್ನ್‌ಟನ್‌ಳಿಗೂ ಸಲ್ಲಬೇಕಾಗಿದ್ದದ್ದು ಕಲ್ಲಿಗಿಂತ ಬಹಳ ಹೆಚ್ಚಿನದು. ಆದರೂ ಆ ಮೂವತ್ಮೂರು ವರ್ಷಗಳಲ್ಲಿ ಬೆಸ್ಸಿಯ ಹಾಡುಗಳಿಂದ ಗಳಿಸಿದವರು ಎಷ್ಟೋ ಮಂದಿ. ನೆಲ ತೊಳೆದವಳೂ ಹಾಡು ಕೇಳಿ ಕಲಿತವಳೂ ಮಾತ್ರ ಮುಂದೆ ಬಂದರು.

ದೊಡ್ಡಪ್ಪ: ಇದನ್ನು ನೀನು ಮೊದಲೇ ಹೇಳಿದ್ದರೆ ನಾನು ಇನ್ನಷ್ಟು ಮನಸ್ಸಿಟ್ಟು ಕೇಳುತ್ತಿದ್ದೆನೋ ಏನೋ. ಆ ಆಗಸ್ಟಿನ ಮೇಲೆ ಆಕೆ ಬಹುಕಾಲ ಇರಲಿಲ್ಲವೆಂದು ಕೇಳಿದ್ದೇನೆ.

ಮಗಳು: ಎರಡು ತಿಂಗಳೂ ಪೂರ್ತಿ ಇರಲಿಲ್ಲ. ಅದೇ ಆಗಸ್ಟಿನಲ್ಲಿ ತಾನು ಓದಿದ ಶಾಲೆಯ ಹತ್ತನೆಯ ವರ್ಷದ ಪುನರ್ಮಿಲನಕ್ಕೆಂದು ಪೋರ್ಟ್ ಆರ್ಥರಿಗೆ ಹೋದಳು, ನಕ್ಕವರ ಎದುರು ಕೀರ್ತಿಯನ್ನು ಹೊತ್ತು ನಿಂತಳು, ನೋವು ಹೋಗಲಿಲ್ಲ. ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ‘ಪರ್ಲ್’ ಎಂಬ ಸಂಪುಟದ ಧ್ವನಿಮುದ್ರಣ ನಡೆಯುತ್ತಿತ್ತು. ಹೊಸ ಮೇಳ ಆಕೆಯ ಉಸಿರನ್ನರಿತು ನುಡಿಸುವಂಥದು. ನಿರ್ಮಾಪಕ ಪಾಲ್ ರಾಥ್‌ಚೈಲ್ಡ್, ಕಂಠವನ್ನು ಸುಟ್ಟುಕೊಳ್ಳದೆ ಮುಂದಿನ ದಶಕಗಳಿಗೂ ಉಳಿಸಿಕೊಳ್ಳುವ ಬಗೆಯನ್ನು ಆಕೆಗೆ ಒತ್ತಿ ಹೇಳುತ್ತಿದ್ದವನು. ನೀವು ಮೊದಲು ಹೇಳಿದಿರಲ್ಲ, ಶಾರೀರವನ್ನು ಕಾಪಾಡಿಕೊಳ್ಳತಕ್ಕ ಧರ್ಮವೆಂದು. ಆಕೆ ಆ ಪಾಠವನ್ನು ಆರಂಭಿಸಿದ್ದಳು. ‘ಮಿ ಅಂಡ್ ಬಾಬಿ ಮೆಕ್‌ಗೀ’ ಎಂಬ ಹಾಡನ್ನು ಕೇಳಿದರೆ ಅದು ತಿಳಿಯುತ್ತದೆ: ತಾನೇ ಗಿಟಾರು ಮೀಟುತ್ತ, ಮಾತನಾಡಿದಂತೆ ಆರಂಭಿಸಿ, ಕಂಠದ ಬಲವನ್ನೆಲ್ಲ ಕಡೆಯವರೆಗೆ ಹಿಡಿದಿಟ್ಟುಕೊಂಡು, ಅಲ್ಲಿ ಬಿಟ್ಟುಕೊಡುತ್ತಾಳೆ. ಅಕ್ಟೋಬರ್ 1ರಂದು ‘ಮರ್ಸಿಡಿಸ್ ಬೆನ್ಸ್’ ಎಂಬ ಪುಟ್ಟ ಹಾಡನ್ನು ಯಾವ ವಾದ್ಯವೂ ಇಲ್ಲದೆ, ಕಾಲಿನಿಂದ ತಾಳ ಹಾಕುತ್ತ, ಒಂದೇ ಸಲಕ್ಕೆ ಹಾಡಿ ಮುಗಿಸಿದಳು. ಮೂರು ದಿನಗಳ ಮೇಲೆ, ಅಕ್ಟೋಬರ್ 4ರಂದು, ಹಾಲಿವುಡ್ಡಿನ ಒಂದು ಹೋಟೆಲಿನ ಕೋಣೆಯಲ್ಲಿ ಹೆರಾಯಿನಿನಿಂದ ಸತ್ತಿದ್ದಳು. ಇಪ್ಪತ್ತೇಳು ವರ್ಷ.

ದೊಡ್ಡಪ್ಪ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಜನ ಈ ಸಾವನ್ನೇ ಹೆಚ್ಚಾಗಿ ಆಡಿಕೊಳ್ಳುತ್ತಾರೆ, ಅಲ್ಲವೆ?

ಮಗಳು: ಅದನ್ನೇ ಆಡಿಕೊಳ್ಳುತ್ತಾರೆ. ಆಕೆಗೆ ಹದಿನಾರು ದಿನ ಮೊದಲು ಜಿಮಿ ಹೆಂಡ್ರಿಕ್ಸ್ ಅದೇ ವಯಸ್ಸಿನಲ್ಲಿ ಸತ್ತನಾದ್ದರಿಂದ, ಇಪ್ಪತ್ತೇಳೆಂಬ ಅಂಕಿಗೇ ಒಂದು ಪುರಾಣವನ್ನು ಕಟ್ಟಿದರು. ಸುಡುವುದಕ್ಕಾಗಿಯೇ ಹುಟ್ಟಿದವಳು, ನೋವೇ ಆಕೆಯ ಹಾಡು, ಹೀಗೆಲ್ಲ. ಬೆಸ್ಸಿಯ ಸಾವಿನ ಕಥೆ ಬೆಸ್ಸಿಯ ದುಡಿಮೆಯನ್ನು ಮರೆಸಿದಂತೆ, ಈ ಕಥೆ ಜಾನಿಸಳ ದುಡಿಮೆಯನ್ನು ಮರೆಸುತ್ತದೆ. ನೋವುಂಡವರು ಕೋಟ್ಯನುಕೋಟಿ ಇದ್ದಾರೆ. ಅವರಲ್ಲಿ ಹಾಡಿದವರು ಎಷ್ಟು ಮಂದಿ? ಹೆರಾಯಿನು ಆಕೆಗೆ ಒಂದು ಸ್ವರವನ್ನೂ ಕಲಿಸಲಿಲ್ಲ. ಇನ್ನೂ ಮೂವತ್ತು ವರ್ಷಗಳ ಹಾಡನ್ನು ಕಸಿದುಕೊಂಡಿತು. ಇದನ್ನು ಯಾರಾದರೂ ತೇಜಸ್ಸೆಂದು ವರ್ಣಿಸಿದರೆ ನನಗೆ ಸಿಟ್ಟು ಬರುತ್ತದೆ, ದೊಡ್ಡಪ್ಪ.

ದೊಡ್ಡಪ್ಪ: ಬರಬೇಕಾದ ಸಿಟ್ಟೇ ಅದು. ಆ ಸಂಪುಟವನ್ನು ಅರ್ಧಕ್ಕೆ ಬಿಟ್ಟರೇ?

ಮಗಳು: ಮುಗಿಸಿದರು. 1971ರ ಜನವರಿಯಲ್ಲಿ ಹೊರಬಂದು ಒಂಬತ್ತು ವಾರ ಅಗ್ರಸ್ಥಾನದಲ್ಲಿತ್ತು. ಅದರಲ್ಲಿ ನಿಕ್ ಗ್ರಾವೆನೈಟಿಸ್ ಎಂಬಾತ ರಚಿಸಿದ ಒಂದು ಹಾಡಿದೆ. ಮೇಳದವರು ಶನಿವಾರ ವಾದ್ಯದ ಭಾಗವನ್ನು ಮುದ್ರಿಸಿದ್ದರು. ಆಕೆ ಕೇಳಿ ಮೆಚ್ಚಿ, ಭಾನುವಾರ ಬಂದು ಹಾಡುವುದೆಂದು ನಿಶ್ಚಯವಾಗಿತ್ತು. ಭಾನುವಾರ ಆಕೆ ಬರಲಿಲ್ಲ. ಬೇರೆಯವರಿಂದ ಹಾಡಿಸಬಹುದಾಗಿದ್ದರೂ ಹಾಗೆ ಮಾಡದೆ, ವಾದ್ಯಗಳನ್ನು ಮಾತ್ರವೇ ಇರಿಸಿ ಹೊರತಂದರು. ಕಂಠ ಬರಬೇಕಾದ ತೆರಪುಗಳೆಲ್ಲ ಹಾಗೆಯೇ ಇವೆ. ಗಿಟಾರು ಉತ್ತರ ಕೊಡುತ್ತದೆ, ಪ್ರಶ್ನೆ ಕೇಳುವವರಿಲ್ಲ.

ದೊಡ್ಡಪ್ಪ: ಮಳೆ ಕಡಮೆಯಾಯಿತು. ಆದರೂ ಕೂತಿರು, ನಿನ್ನ ಪೆಟ್ಟಿಗೆಯನ್ನು ಮತ್ತೆ ತೆರೆ. ಆ ‘ಪರ್ಲ್’ ಎಂಬುದನ್ನು ಹಾಕುತ್ತೀಯೋ?

ಮಗಳು: ಹಾಕುತ್ತೇನೆ, ಆದರೆ ಈಗಲೇ ಅಲ್ಲ. ಮೊದಲು ಬೆಸ್ಸಿಯ 1923ರ ಮುದ್ರಿಕೆ, ಆಮೇಲೆ ಥಾರ್ನ್‌ಟನ್‌ಳ ಕಂಠದಲ್ಲಿ ಅದೇ ‘ಬಾಲ್ ಅಂಡ್ ಚೈನ್’, ಅನಂತರ ಜಾನಿಸ್. ಈ ಕ್ರಮದಲ್ಲಿ ಕೇಳಿ, ದೊಡ್ಡಪ್ಪ. ಆಕೆಯೂ ಈ ಕ್ರಮದಲ್ಲಿಯೇ ಕೇಳಿದ್ದಳು.